ಕೈಗುಣದ ಇಲಿ

ಇಲಿ ಅಂದರೆ ಈಗಿನ ಮಕ್ಕಳಿಗೆ ಗಣಪತಿಯ ವಾಹನ ಗೊತ್ತು, ಕಾಳಿನ ಚೀಲ ಕಡಿಯುವುದು ಗೊತ್ತು. ಮೇಜಿನ ಮೇಲೆ ಅಂಗೈಯ ಕೆಳಗೆ ಕೂತು ಓಡಾಡುತ್ತಿದ್ದ ಇಲಿ, ಕಂಪ್ಯೂಟರಿನ ಮೌಸು, ಗೊತ್ತಿಲ್ಲ. ಅವರದೇನೂ ತಪ್ಪಿಲ್ಲ ಬಿಡಿ. ಕಣ್ಣು ಹೊರಳಿಸಿದರೆ ಪರದೆ ಹೊರಳುತ್ತದೆ, ಬಾಯಿ ತೆರೆದರೆ ಕೆಲಸ ಮುಗಿಯುತ್ತದೆ. ಕಂಪ್ಯೂಟರಿನ ಮುಂದೆ ಕೂತವರ ಕೈಗಳು ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತವೆ, ಬಸ್ಸಿಗೆ ಕಾಯುವವರ ಹಾಗೆ. ಹೋದ ಬೇಸಿಗೆಯಲ್ಲಿ ಅಣ್ಣನ ಮೊಮ್ಮಗಳು ನಮ್ಮ ಕಪಾಟಿನಿಂದ ಒಂದು ಇಲಿ ತೆಗೆದು ಮೂಸಿ ನೋಡಿ, "ಅಜ್ಜಿ, ಇದು ಮೈಗೆ ಹಚ್ಚೂ ಸಬಕಾರ ಏನ?" ಅಂದಳು. ನಾನು ಸಿಟ್ಟಿಗೇಳಲಿಲ್ಲ, ಇಸಕೊಂಡು ಒರೆಸಿ ಇಟ್ಟೆ.

ಬೇರೆಯವರ ಪಡಸಾಲೆಯ ಕಪಾಟಿನಲ್ಲಿ ಬೆಳ್ಳಿ ಸಾಮಾನೋ ಮಕ್ಕಳ ಬಹುಮಾನಗಳೋ ಇರುತ್ತವೆ. ನಮ್ಮಲ್ಲಿ ಇರುವುದು ಇಲಿಗಳು, ಎಲ್ಲ ನಮ್ಮ ಮನೆಯವರು ಕೂಡಿಹಾಕಿದವು. ಒಂದು ಕೆಂಪು ಕಾರಿನ ಆಕಾರದ್ದು, ಒತ್ತಿದರೆ ಮುಂದಿನ ದೀಪ ಹತ್ತುತ್ತಿತ್ತು. ಒಂದರ ಹೊಟ್ಟೆಯೊಳಗೆ ನೀರು, ನೀರಿನಲ್ಲಿ ತೇಲುವ ಹಳದಿ ಬಾತುಕೋಳಿಗಳು. ಬಿದಿರಿನದ್ದೊಂದು, ಬೆರಳಿಗೆ ಉಂಗುರದಂತೆ ಹಾಕಿಕೊಳ್ಳುವುದೊಂದು, ಕೈ ಕುಲುಕುವ ಹಾಗೆ ನೆಟ್ಟಗೆ ಹಿಡಿಯುವುದೊಂದು, ಕಾಲಿನಿಂದ ಒತ್ತುವುದೊಂದು. ಇನ್ನೊಂದನ್ನು ಮಡಚಿ ತೆರೆದರೆ ಫೋನಿನಂತೆ ಕಿವಿಗೆ ಹಿಡಿದು ಮಾತಾಡಲೂ ಬರುತ್ತಿತ್ತು. ಎಲ್ಲಕ್ಕಿಂತ ಹಳೆಯದು ಹೊಟ್ಟೆಯಲ್ಲಿ ರಬ್ಬರಿನ ಗುಂಡು ಇಟ್ಟುಕೊಂಡ ಬೂದು ಬಣ್ಣದ ಬಡವ. ಅದರ ತಿರುಪು ಮುಚ್ಚಳ ತೆಗೆದು ಗುಂಡು ಹೊರಗೆ ಹಾಕಿ, ಒಳಗಿನ ಸಣ್ಣ ಉರುಳೆಗಳಿಗೆ ಸುತ್ತಿಕೊಂಡ ಕೊಳೆಯನ್ನು ಉಗುರಿನಿಂದ ಕೆರೆಯುವುದಿತ್ತಲ್ಲ, ಅದರ ಸುಖ ಅದನ್ನು ಮಾಡಿದವರಿಗೇ ಗೊತ್ತು. ಅದು ನೂಲಿನಂತೆ ಉದ್ದಕ್ಕೆ ಎದ್ದು ಬರುತ್ತಿತ್ತು.

ನಮ್ಮ ಮನೆಯವರ ಹೆಸರು ಗುರುಲಿಂಗ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಮಹಡಿಯ ಮೇಲೆ ಅವರ ಅಂಗಡಿ. ಮುಂಜಾನೆ ಕಂಪ್ಯೂಟರ್ ಕ್ಲಾಸು, ಮಧ್ಯಾಹ್ನದ ಮೇಲೆ ಲಗ್ನಪತ್ರಿಕೆ. ಪತ್ರಿಕೆಯ ನೆತ್ತಿಯ ಮೇಲಿನ 'ಶ್ರೀ' ಅಕ್ಷರವನ್ನು ಅವರು ಯಾವ ಫಾಂಟಿನಿಂದಲೂ ಎತ್ತುತ್ತಿರಲಿಲ್ಲ. ಪ್ರತಿ ಮದುವೆಗೂ ಇಲಿ ಹಿಡಿದು ಹೊಸದಾಗಿ ಬರೆಯುತ್ತಿದ್ದರು. "ಅವರ ಕೈಗುಣ ಛಲೋ ಐತಿ, ಅವರ ಕಡೆ ಪತ್ರಿಕಿ ಮಾಡಿಸಿದ್ರ ಸಂಸಾರ ನೆಟ್ಟಗಾಗ್ತಾವ" ಅಂತ ಊರಲ್ಲಿ ಮಾತು. ಎಷ್ಟು ಸಂಸಾರ ನೆಟ್ಟಗಾದವೋ ಅದು ನನಗೆ ಗೊತ್ತಿಲ್ಲ. ಅಕ್ಷರ ಮಾತ್ರ ಚೆಂದ ಇರುತ್ತಿತ್ತು.

ನಾನು ನೀಲಾಂಬಿಕಾ. ಇಲಿ ತಯಾರಿಸುವವಳು. ಜಗತ್ತೆಲ್ಲ ಇಲಿಯನ್ನು ಬಿಟ್ಟ ಮೇಲೆ ಗೋಕುಲ ರೋಡಿನ ನಮ್ಮ ಲ್ಯಾಬು ಇಲಿಯನ್ನು ಹಿಡಿಯಿತು. "ಗುಡ್ಡ ಅಗದು ಇಲಿ ಹಿಡದ್ರು ಅಂತ ಗಾದಿ ಕೇಳಿದ್ದೆ, ಅಂಥಾ ಲ್ಯಾಬಿಗೆ ನನ್ನ ಹೆಂಡ್ತಿ ಹೋಗ್ತಾಳ ಅಂತ ತಿಳಿದಿದ್ದಿಲ್ಲ" ಅಂತ ಇವರು ಬಂದವರ ಮುಂದೆಲ್ಲ ಹೇಳುವರು. ಹೇಳಲಿ. ನಾವು ಹಿಡಿದ ಇಲಿ ಸಾಧಾರಣದ್ದಲ್ಲ.

ನಾವು ಹುಡುಕಿದ್ದು ಕೈಗುಣವನ್ನೇ. ಒಬ್ಬ ಡಾಕ್ಟರ ಕೈಗುಣ, ಅಡುಗೆಯವಳ ಕೈಗುಣ ಅಂತ ನಮ್ಮ ಮಂದಿ ಅನ್ನುತ್ತಲೇ ಬಂದಿದ್ದಾರೆ. ಅದು ಬರೀ ಮಾತಲ್ಲ, ಅಳೆಯಬಹುದಾದ ವಸ್ತು. ಕೈ ಎಲ್ಲಿ ತಡೆಯುತ್ತದೆ, ಎಲ್ಲಿ ಅವಸರ ಮಾಡುತ್ತದೆ, ತಿರುವಿನಲ್ಲಿ ಯಾವ ಬೆರಳು ಭಾರ ಬಿಡುತ್ತದೆ, ಕೈ ಸುಮ್ಮನಿದ್ದಾಗಲೂ ಒಳಗೆ ನಡೆಯುವ ಸಣ್ಣ ನಡುಕ ಎಂಥದ್ದು, ಇವೆಲ್ಲ ಸೇರಿದರೆ ಒಬ್ಬರದು ಇನ್ನೊಬ್ಬರಿಗೆ ಕೂಡುವುದಿಲ್ಲ. ಇದನ್ನು ಹಿಡಿಯಲು ಇಲಿಯಂಥ ಸಾಧನ ಇನ್ನೊಂದಿಲ್ಲ, ಯಾಕೆಂದರೆ ಅಂಗೈ ಪೂರ್ತಿಯಾಗಿ ನಂಬಿ ಅದರ ಮೇಲೆ ಮಲಗುತ್ತದೆ. ನಮ್ಮ ಇಲಿಯ ಹೊಟ್ಟೆಯಲ್ಲಿ ಚಲನೆ ನೋಡುವ ಒಂದು ಕಣ್ಣು, ಬೆನ್ನ ಮೇಲೆ ಒತ್ತಡ ಅರಿಯುವ ಪೊರೆ, ಕೆಳಗೆ ಅಯಸ್ಕಾಂತದ ಹಲಗೆ. ಮೊದಲು ಕೈ ಇಲಿಯನ್ನು ಓಡಿಸುತ್ತದೆ, ಇಲಿ ಕಲಿಯುತ್ತದೆ. ಆಮೇಲೆ ಹಲಗೆ ಇಲಿಯನ್ನು ಓಡಿಸುತ್ತದೆ, ಕೈ ಕಲಿಯುತ್ತದೆ. ಲಕ್ವಾ ಹೊಡೆದು ಸತ್ತಂತಾದ ಕೈಯನ್ನು ಅದರ ಮೇಲೆ ಇಟ್ಟು ದಿನಾ ಓಡಿಸಿದರೆ, ಮೆದುಳು ಮೋಸ ಹೋಗಿ, ಓಹೋ ಇದು ನಾನೇ ಮಾಡುತ್ತಿರುವುದು ಅಂದುಕೊಂಡು, ಹೊಸ ದಾರಿ ಹಾಕಿಕೊಳ್ಳುತ್ತದೆ. ಹಾಕಿಕೊಂಡ ದಾರಿ ಮತ್ತೆ ಬದಲಾಗುವುದಿಲ್ಲ. ಹಸಿ ಸಿಮೆಂಟಿನ ಮೇಲೆ ಇಟ್ಟ ಹೆಜ್ಜೆ ಅದು.

ಅದಕ್ಕಾಗಿ ನಾವು ಮಾಡಿದ ಇಲಿಗಳನ್ನು ನೋಡಿದರೆ ಯಾರಾದರೂ ನಗಬೇಕು. ರೊಟ್ಟಿ ಬಡಿಯುವವರಿಗೆ ಜೋಳದ ಹಿಟ್ಟಿನ ಮುದ್ದೆಯಂಥ ಮೆತ್ತನೆಯದು, ತಬಲಾದವರಿಗೆ ಡಗ್ಗಾದ ಆಕಾರದ್ದು, ದರ್ಜಿಗಳಿಗೆ ಸೀಮೆಸುಣ್ಣದ ಬಿಲ್ಲೆಯಂಥದ್ದು, ರಂಗೋಲಿಯವರಿಗೆ ಚಿಟಿಕೆಯಲ್ಲಿ ಹಿಡಿಯುವಷ್ಟೇ ಇರುವುದು. ಜನ ಬಂದು ಗಟ್ಟಿಮುಟ್ಟಾಗಿದ್ದಾಗಲೇ ತಮ್ಮ ಕೈಗುಣ ಇಟ್ಟು ಹೋಗತೊಡಗಿದರು. 'ಕೈ ಇಡುವುದು' ಅಂತ ಅದಕ್ಕೊಂದು ಹೆಸರೇ ಬಿತ್ತು. ಮದುವೆಮನೆಯಲ್ಲಿ ಎದುರಾದವರು, "ಆರಾಮ ಏನ್ರಿ, ಕೈ ಇಟ್ರ್ಯೇನು?" ಅಂತ ಒಂದೇ ಉಸಿರಿನಲ್ಲಿ ಕೇಳುವ ಕಾಲ ಬಂತು.

ಇಡದವರಿಗೆ ಏನು ಗತಿ? ಅವರಿಗಾಗಿ ಬಹಳ ಜನರ ಕೈಗಳನ್ನು ಬೆರೆಸಿ ನಾವು 'ಸಾಮಾನ್ಯ ಕೈ' ಅಂತ ಒಂದನ್ನು ಮಾಡಿದೆವು. ಅದರಲ್ಲಿ ಒಂದು ಎಡವಟ್ಟಾಯಿತು. ನಮ್ಮ ಮುಖ್ಯಸ್ಥರಾದ ಡಾ. ಬೆಟಗೇರಿ ದೊಡ್ಡ ವಿಜ್ಞಾನಿ, ದೇವರ ಮಾತು ಬಂದರೆ ನಗುವವರು. ಆದರೆ ಆಯುಧ ಪೂಜೆ ಬಿಡುವುದುಂಟೇ? ಹಬ್ಬದ ದಿನ ಲ್ಯಾಬಿನ ಎಲ್ಲ ಯಂತ್ರಗಳಿಗೂ ವಿಭೂತಿ ಎಳೆದು ಕುಂಕುಮ ಇಟ್ಟು ಚೆಂಡು ಹೂ ಏರಿಸಿದರು. ಕುಂಕುಮ ಇಡಬೇಕಾದ್ದು ಹಣೆಗೆ, ಹಣೆ ಇರುವುದು ಕಣ್ಣಿನ ಮೇಲೆ, ಇಲಿಯ ಕಣ್ಣು ಇರುವುದು ಹೊಟ್ಟೆಯ ಕೆಳಗೆ ಅಂತ ವಿಚಾರ ಮಾಡಿ, ಇಲಿಯನ್ನು ಅಂಗಾತ ಮಲಗಿಸಿ ಅಲ್ಲಿಯೇ ಇಟ್ಟರು. ಪೂಜೆಗೆ ಇಟ್ಟದ್ದನ್ನು ಆ ದಿನ ಮುಟ್ಟುವ ಹಾಗಿಲ್ಲ. ಮರುದಿನ ವಿಜಯದಶಮಿ, ಒಳ್ಳೆಯ ದಿನ ಅಂತ ಸಾಮಾನ್ಯ ಕೈಯ ದಾಖಲೆ ಶುರುಮಾಡಿದೆವು. ಕಣ್ಣಿನ ಅಂಚಿಗೆ ಒಂದು ಕಣ ಕುಂಕುಮ ಕೂತಿತ್ತು. ಕೈ ಎಡಕ್ಕೆ ತಿರುಗುವಾಗಲೆಲ್ಲ ಇಲಿಗೆ ಒಂದು ಜಿಗಿತ ಕಾಣಿಸಿತು, ಅದನ್ನೂ ಕೈಗುಣ ಅಂತಲೇ ಅದು ಬರೆದುಕೊಂಡಿತು. ನಮಗೆ ಗೊತ್ತಾಗುವ ಹೊತ್ತಿಗೆ ಸಾಕಷ್ಟು ಜನ ಆ ಕೈ ಪಡೆದು ಮನೆಗೆ ಹೋಗಿದ್ದರು. ಈಗಲೂ ಚಹಾ ಕಪ್ಪನ್ನು ಎಡಕ್ಕೆ ಇಡುವಾಗ ಯಾರ ಕೈಯಾದರೂ ತುಸು ಕುಪ್ಪಳಿಸಿ ತಟ್ಟೆಗೆ ಚಹಾ ಚೆಲ್ಲಿದರೆ, ನಾನು ಬಾಯಿ ಮುಚ್ಚಿಕೊಂಡು ಬೇರೆ ಕಡೆ ನೋಡುತ್ತೇನೆ. ಆ ಜಿಗಿತವನ್ನು ತೆಗೆದು ಇನ್ನೊಂದು ಸಾಮಾನ್ಯ ಕೈ ಮಾಡಲು ಹೋದೆವು. ಜಿಗಿತದ ಜೊತೆ ಎಡ ತಿರುವೇ ಹೋಯಿತು. ಎಡಕ್ಕೆ ತಿರುಗದ ಕೈಗಿಂತ ಜಿಗಿಯುವ ಕೈಯೇ ವಾಸಿ ಅಂತ ಅದನ್ನೇ ಉಳಿಸಿಕೊಂಡೆವು.

ಇಷ್ಟೆಲ್ಲ ಮಾಡಿದವಳ ಗಂಡ ಮಾತ್ರ ಕೈ ಇಡಲಿಲ್ಲ.

"ನಾಳಿ ಬರ್ತೀನಿ ಬಿಡು."

"ಬಾಗಿಲ ಮ್ಯಾಲ ದೆವ್ವಕ್ಕ 'ನಾಳೆ ಬಾ' ಅಂತ ಬರೀತಿದ್ರಲ್ಲ, ಹಂಗ ಆತು ನಿಮ್ಮ ಮಾತು."

"ದೆವ್ವಕ್ಕ ತಿಳೀತಿತ್ತು, ನಿನಗ ತಿಳೀವಲ್ದು ನೋಡು" ಅಂತ ನಕ್ಕು, ಬಾತುಕೋಳಿಯ ಇಲಿಯನ್ನು ಅಲ್ಲಾಡಿಸಿ ಕಪಾಟಿನಲ್ಲಿ ಇಡುವರು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೂ ಹಳೆಯ ಯಂತ್ರವೊಂದನ್ನು ಮನೆಯಲ್ಲಿ ಜೀವಂತ ಇಟ್ಟುಕೊಂಡು, ಬೇಡಿಕೆ ಇಲ್ಲದಿದ್ದರೂ ದಿನಕ್ಕೊಂದು 'ಶ್ರೀ' ಬರೆಯುತ್ತಿದ್ದರು. ಆ ಯಂತ್ರ ಅಕ್ಷರದ ಆಕಾರವನ್ನು ಇಟ್ಟುಕೊಳ್ಳುತ್ತಿತ್ತೇ ಹೊರತು ಕೈಯನ್ನಲ್ಲ.

ಒಂದು ಮುಂಜಾನೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಹೇಳಲು ಬಂದ ಇವರ ಕೈಯಿಂದ ಚಹಾ ಕಪ್ಪು ಬಿತ್ತು. ಬಿದ್ದ ಕಪ್ಪನ್ನು ನೋಡಿದರು, ತಮ್ಮ ಕೈಯನ್ನು ನೋಡಿದರು. "ನೀಲಾ, ಕೈ ನಂದಲ್ಲ ಅನಸಾಕತ್ತೈತಿ" ಅಂದರು. ನಾನು ಬೈಯುವುದನ್ನು ಬಿಟ್ಟು ಅವರನ್ನು ತೋಳು ಹಿಡಿದು ಕೂರಿಸಿದೆ.

ಆಸ್ಪತ್ರೆಯಿಂದ ಬರುವ ಹೊತ್ತಿಗೆ ಮಾತು ನೆಟ್ಟಗಾಗಿತ್ತು, ಕಾಲು ಎಳೆದುಕೊಂಡು ನಡೆಯುವಷ್ಟಾಗಿತ್ತು. ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಎಡಗೈಯಲ್ಲಿ ಉಣ್ಣುವುದಕ್ಕೆ ಅವರಿಗೆ ಮನಸ್ಸು ಒಗ್ಗಲಿಲ್ಲ. ನಾನು ತುತ್ತು ಮಾಡಿ ಬಾಯಿಗೆ ಇಡುತ್ತಿದ್ದೆ. ಮೊದಲ ದಿನ ನಕ್ಕರು. ಆಮೇಲೆ ಕಣ್ಣು ಮುಚ್ಚಿಕೊಂಡು ಉಣ್ಣತೊಡಗಿದರು.

ಬೆಟಗೇರಿಯವರು ಮನೆಗೇ ಬಂದು ನೋಡಿದರು. "ದಸರಾ ಹಬ್ಬದೊಳಗ ದಾರಿ ಹಾಕಬೇಕ್ರಿ ಮೇಡಂ. ಅದರ ಮ್ಯಾಲ ಮೆದುಳು ಆ ಕೈನ ಮರತು ಬಿಡ್ತೈತಿ. ಸಾಮಾನ್ಯ ಕೈ ಹಾಕಿದ್ರ ಗ್ಯಾರಂಟಿ. ನಾಳಿನ ಶುರು ಮಾಡೂಣು."

"ಆ ಜಿಗಿಯೋ ಕೈ?" ಅಂದೆ.

ಅವರು ತಲೆ ತಗ್ಗಿಸಿದರು. "ಕೈ ಇಲ್ಲದ್ದಕ್ಕಿಂತ ಜಿಗಿಯೂದು ಛಲೋ ಅಲ್ರಿ."

ಮಾತು ಖರೆ. ನಾನೇ ಎಷ್ಟೋ ಜನರ ಮನೆಯವರಿಗೆ ಇದೇ ಮಾತು ಹೇಳಿ ಸಮಾಧಾನ ಮಾಡಿದ್ದೆ. ಆದರೆ ಇವರ ಕೈ ಎಡಕ್ಕೆ ತಿರುಗುವಾಗ ಬೇರೆ ಯಾರದೋ ಕೈಯಾಗಿ ಕುಪ್ಪಳಿಸುವುದನ್ನು ನೆನೆದು, ಹೂಂ ಅನ್ನದೆ ಅವರನ್ನು ಬಾಗಿಲ ತನಕ ಕಳಿಸಿ ಬಂದೆ. 'ಶ್ರೀ' ಅಕ್ಷರದಲ್ಲಿ ಎಡ ತಿರುವುಗಳೇ ಜಾಸ್ತಿ.

ಮರುದಿನ ಎದುರು ಮನೆಯ ಚಂಪಾವತಿ ವೈನಿ ಮಾತಾಡಿಸಲು ಬಂದರು. ಅವರಿಗೂ ಹಿಂದೆ ಲಕ್ವಾ ಆಗಿ, ನಮ್ಮಲ್ಲಿಯೇ ಸಾಮಾನ್ಯ ಕೈ ಹಾಕಿಸಿಕೊಂಡವರು. ಬಟ್ಟಲಿನಲ್ಲಿ ಶೇಂಗಾ ಚಟ್ನಿ ತಂದಿದ್ದರು. ಇವರ ಕಾಲ ಬಳಿ ಕೂತು, ತಮ್ಮ ಬಲಗೈಯನ್ನು ಎಡಗೈಯಿಂದ ಸವರಿಕೊಳ್ಳುತ್ತಾ ಮಾತಾಡಿದರು.

"ಕೈ ಬಂತು ಅಂತ ಖುಷಿ ಐತಿ, ಇಲ್ಲಂತಲ್ಲ. ಆದ್ರ ಮದಲ ಉಪ್ಪು ಹಾಕಾಕ ನಾ ನೋಡ್ತಿದ್ದಿಲ್ಲವಾ. ಮೂರು ಬೆರಳಾಗ ಎತ್ತಿ ಒಗದ್ರ ಅಷ್ಟ ಇರ್ತಿತ್ತು. ಈಗ ಚಮಚ ಬೇಕು. ನಮ್ಮವ್ವ ಕಲಿಸಿದ ಕೈ ಅದು. ಅಕಿ ಹೋಗಿ ಎಷ್ಟ ವರ್ಷಾದ್ರೂ ಉಪ್ಪು ಹಾಕುವಾಗ ಅಕಿ ಇದ್ದಂಗ ಅನಸ್ತಿತ್ತು. ಈಗ ಅಕಿ ಪೂರ್ತಿ ಹೋದ್ಲು."

ವೈನಿ ಹೋದ ಮೇಲೆ ಚಟ್ನಿ ನಾಲಿಗೆಗೆ ಹಚ್ಚಿಕೊಂಡು ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು. ಆದರೂ ಅದು ವೈನಿಯ ಚಟ್ನಿಯಾಗಿರಲಿಲ್ಲ, ಯಾರ ಚಟ್ನಿಯೂ ಆಗಿರಲಿಲ್ಲ.

ಇವರು ನನ್ನನ್ನೇ ನೋಡುತ್ತಿದ್ದರು. "ನೀಲಾ, ಮಂದಿ ಕೈ ನನಗ ಬ್ಯಾಡ."

"ಹಂಗಾರ ಬಿಡ್ಲೇನು ಇದನ್ನ ಹಿಂಗ?"

"ಬಿಟ್ರ ಬಿಡು. ಬಾಯಿ ಐತಲ್ಲ, ಅದರಾಗ ಜೀವನ ಮಾಡ್ತೀನಿ."

"ನಿಮ್ಮ ಬಾಯಿ ಜೀವನ ನಾ ಮಾಡಬೇಕಲ್ಲ" ಅಂತ ಬೈದು ಒಳಗೆ ಹೋಗಿ ಅತ್ತೆ.

ಲ್ಯಾಬಿನಲ್ಲಿ ಆ ವಾರ ನನ್ನ ಕೈಗೆ ಕೆಲಸ ಹತ್ತಲಿಲ್ಲ. ಹೊಸ ಇಲಿಯೊಂದನ್ನು ಪರೀಕ್ಷಿಸುತ್ತಿದ್ದೆ. ಪಕ್ಕದ ಪರದೆಯಲ್ಲಿ ನನ್ನ ಕೈಯ ದಾರಿ ಹಸಿರು ಗೆರೆಯಾಗಿ ಬೀಳುತ್ತಿತ್ತು. ನನ್ನ ಜೊತೆ ಕೆಲಸ ಮಾಡುವ ಫರ್ಹಾನಾ ಮುಲ್ಲಾ ಹಿಂದೆ ಬಂದು ನಿಂತಿದ್ದಳು. ಕಣ್ಣು ಚುರುಕಿನ ಹುಡುಗಿ. ಇಲಿಯನ್ನು ಇಲ್ಲಿಗೆ ಬಂದ ಮೇಲೆಯೇ ಕಂಡವಳು.

"ಮೇಡಂ, ನೀವು ಒತ್ತೂಕಿಂತ ಮದಲ ಪರದಿ ಮ್ಯಾಲಿನ ಗುರುತಿನ ಸುತ್ತ ಒಂದು ಸುತ್ತು ಯಾಕ ಹಾಕ್ತೀರಿ?"

"ಎಲ್ಲಿ?"

"ನೋಡ್ರಿ. ಪ್ರತಿ ಸಲ. ದೇವರಿಗೆ ಪ್ರದಕ್ಷಿಣಿ ಹಾಕಿದಂಗ."

ನೋಡಿದೆ. ಹೌದು, ಪ್ರತಿ ಗುರುತಿನ ಸುತ್ತಲೂ ಒಂದು ಸಣ್ಣ ಕುಣಿಕೆ. ನನಗೆ ಗೊತ್ತೇ ಇರಲಿಲ್ಲ ಅಂತಲ್ಲ, ಮರೆತುಹೋಗಿತ್ತು. "ಇದು ನಮ್ಮನಿಯವರ ಚಾಳಿ. ಅವರು ಹಂಗ ಮಾಡ್ತಿದ್ರು. ನನಗ ಇಲಿ ಹಿಡಿಯೂದು ಕಲಿಸಿದವರ ಅವರು" ಅಂದೆ. ಅಂದ ಕೂಡಲೇ ನನ್ನ ಕೈ ಅಲ್ಲಿಯೇ ನಿಂತಿತು.

ದುರ್ಗದ ಬೈಲಿನ ಆ ಮಹಡಿ ನನ್ನ ಕಣ್ಣ ಮುಂದೆ ಬಂತು. ಕಾಲೇಜು ಮುಗಿಸಿದ ಬೇಸಿಗೆ, ಕೆಳಗೆ ಬಳೆ ಅಂಗಡಿಗಳ ಗದ್ದಲ, ಮೇಲೆ ಕರಕರ ಅನ್ನುವ ಪಂಖ. ಕಂಪ್ಯೂಟರಿಗೆ ಧೂಳು ಆಗಬಾರದು ಅಂತ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ದೇವಸ್ಥಾನಕ್ಕೆ ಹೋದಂತೆ ಒಳಗೆ ಹೋಗುತ್ತಿದ್ದೆವು. ನನ್ನ ಕೈಯಲ್ಲಿ ಇಲಿ ನಿಲ್ಲುತ್ತಲೇ ಇರಲಿಲ್ಲ, ಬಾಣದ ಗುರುತು ಪರದೆಯ ಮೂಲೆಗೆ ಓಡಿ ಕೂತುಬಿಡುತ್ತಿತ್ತು. ಒಂದು ದಿನ ನಾನು ಇಲಿಯನ್ನೇ ಎತ್ತಿ ಪರದೆಗೆ ಹಚ್ಚಿ ಒತ್ತಿದೆ. ಇಡೀ ಕ್ಲಾಸು ನಕ್ಕಿತು. ಗುರುಲಿಂಗ ಸರ್ ನಗಲಿಲ್ಲ. ಹಿಂದೆ ಬಂದು ನಿಂತು, "ಸಿಟ್ಟಾಗಬ್ಯಾಡ್ರಿ" ಅಂತ ನನ್ನ ಕೈ ಮೇಲೆ ತಮ್ಮ ಕೈ ಇಟ್ಟು ಓಡಿಸಿದರು. ಅಂಗೈ ಬೆಚ್ಚಗಿತ್ತು. ಆ ಬೇಸಿಗೆಯೆಲ್ಲ ನಾನು ಇಲಿ ಕಲಿಯಲೇ ಇಲ್ಲ. ಬೇಕಂತಲೇ ತಪ್ಪುತ್ತಿದ್ದೆ, ಅವರು ಬೇಕಂತಲೇ ತಿದ್ದುತ್ತಿದ್ದರು. ಅವರ ಮನೆಯಲ್ಲಿ, ನಮ್ಮ ಮನೆಯಲ್ಲಿ ಗೊತ್ತಾಗುವ ಹೊತ್ತಿಗೆ ನಮ್ಮ ಲಗ್ನಪತ್ರಿಕೆಯ 'ಶ್ರೀ'ಯನ್ನು ಇಬ್ಬರೂ ಕೂಡಿಯೇ ಬರೆದಾಗಿತ್ತು.

"ಫರ್ಹಾನಾ, ಅವರ ಕೈಗುಣ ನನ್ನ ಕೈಯಾಗ ಐತಿ" ಅಂದೆ.

ನನ್ನ ಕೈಗುಣ ತೆಗೆದು ಇವರಿಗೆ ಹಾಕುವುದಕ್ಕೆ ಬೆಟಗೇರಿಯವರು ಸುತರಾಂ ಒಪ್ಪಲಿಲ್ಲ. "ಇದು ಸಂಬಂಧ ಅಲ್ರಿ ಮೇಡಂ, ವಿಜ್ಞಾನ. ನಿಮ್ಮ ಕೈ ನಿಮ್ಮದು. ಒಂದು ಚಾಳಿ ಕೂಡಿತು ಅಂದ್ರ ಕೈ ಕೂಡಿತು ಅಂತಲ್ಲ. ಅವರ ಮೆದುಳು ತಗೊಳ್ಳಲಿಲ್ಲ ಅಂದ್ರ ಹಬ್ಬ ದಾಟಿ ಹೋಗ್ತೈತಿ. ಆಮ್ಯಾಲ ಸಾಮಾನ್ಯ ಕೈನೂ ಹತ್ತೂದಿಲ್ಲ. ಅವರ ಬಲಗೈ ಜೀವನಪೂರ್ತಿ ಹೋತು. ತಿಳೀತೇನ್ರಿ?"

"ಇಲಿ ಹೊಟ್ಟಿಗೆ ಕುಂಕುಮ ಹಚ್ಚಿದವರು ನನಗ ವಿಜ್ಞಾನ ಹೇಳಬ್ಯಾಡ್ರಿ."

ಹಾಗೆ ಅನ್ನಬಾರದಿತ್ತು. ಪಾಪ, ಮನುಷ್ಯನ ಮುಖ ಸಣ್ಣದಾಯಿತು. ಆದರೆ ಆಮೇಲೆ ಅವರು ಅಡ್ಡ ಬರಲಿಲ್ಲ. "ರೋಗಿ ಒಪ್ಪಿಗಿ ತಗೊಂಡು ಬರ್ರಿ" ಅಂದರು ಅಷ್ಟೇ.

ಮನೆಗೆ ಬಂದು ಎಲ್ಲ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ; ಹತ್ತದಿದ್ದರೆ ಕೈ ಹೋಯಿತು ಅನ್ನುವುದನ್ನು ಎರಡು ಸಲ ಹೇಳಿದೆ. ಇವರು ಛಾವಣಿ ನೋಡುತ್ತಾ ಕೇಳಿದರು.

"ನಿನ್ನ ಕೈ ಹಾಕಿದ್ರ ನಾನೂ ನಿನ್ನಂಗ ಬಾಂಡೆ ಸಾಮಾನು ಕುಕ್ಕಿ ಕುಕ್ಕಿ ಇಡ್ತೀನೇನು?"

"ಇಡ್ತೀರಿ."

"ಹಂಗಾರ ಹಾಕು. ಮನ್ಯಾಗ ಸಪ್ಪಳ ಕೂಡಿ ಮಾಡೂಣು" ಅಂದರು. 

ನನ್ನ ಕೈಗುಣ ತೆಗೆಯುವುದೇ ದೊಡ್ಡ ಕೆಲಸವಾಯಿತು. ಲ್ಯಾಬಿನಲ್ಲಿ ಇಲಿಯ ಮೇಲೆ ಕೈ ಇಟ್ಟರೆ ಗೆರೆ ಚೂಪುಚೂಪಾಗಿ ಬೀಳುತ್ತಿತ್ತು. "ಮೇಡಂ, ನೀವು ಅಂಜಾಕತ್ತೀರಿ, ಇದು ಕೈಗುಣ ಅಲ್ಲ, ಅಂಜಿಕಿ" ಅಂತ ಫರ್ಹಾನಾ ಅಳಿಸಿಹಾಕುವಳು. ಮತ್ತೆ ಬರೆದರೆ, "ಇದು ಸಿಟ್ಟು" ಅಂತ ಅದನ್ನೂ ಅಳಿಸುವಳು. ಕೊನೆಗೆ ಅವಳು ನನ್ನ ಪಕ್ಕದಲ್ಲಿ ಕೂತು, "ಕ್ಲಾಸಿನ ಕಥಿ ಹೇಳ್ರಿ. ಅವರು ಮದಲ ಏನ್ ಬರಸಿದ್ರು?" ಅಂದಳು. ನಾನು ಹೇಳುತ್ತಾ ಹೋದೆ, ಕೈ ತನ್ನ ಪಾಡಿಗೆ ಹೋಯಿತು. ಶ್ರೀ ಬರೆಯಿತು, ಕಳಸ ಬರೆಯಿತು, ಮಾವಿನೆಲೆಯ ತೋರಣ ಬರೆಯಿತು. ಗೆರೆ ಮೆತ್ತಗಾಯಿತು. ಫರ್ಹಾನಾ ಒಂದು ಗುಂಡಿ ಒತ್ತಿದಳು, ದಾಖಲೆ ಆಯಿತು.

ಅಂಗೈಗೆ ಹೊಂದುವ ಇಲಿಯನ್ನು ನಾನೇ ಮಾಡಿದೆ. ಕಾರು, ಬಾತುಕೋಳಿ, ಉಂಗುರ ಯಾವ ಸೋಗೂ ಇಲ್ಲ. ಅದಕ್ಕೆ ನನ್ನ ಅಂಗೈಯ ಹಿಂಬದಿಯ ಆಕಾರ ಕೊಟ್ಟೆ; ಬೆರಳಿನ ಗೆಣ್ಣುಗಳ ಉಬ್ಬು, ನಡುವಿನ ತಗ್ಗು ಸಹಿತ. ಅವರು ಇಲಿ ಹಿಡಿದರೆ ನನ್ನ ಕೈ ಮೇಲೆ ಕೈ ಇಟ್ಟ ಹಾಗೆಯೇ ಆಗಬೇಕು. ಇಷ್ಟು ವಿಚಿತ್ರದ ಇಲಿ ನಮ್ಮ ಕಪಾಟಿನಲ್ಲಿಯೂ ಇರಲಿಲ್ಲ. ಬೆಟಗೇರಿಯವರು ಅದನ್ನು ತಿರುವಿ ನೋಡಿ, ಹೊಟ್ಟೆಯ ಕಣ್ಣನ್ನು ತಮ್ಮ ಕರ್ಚೀಫಿನಿಂದ ತಾವೇ ಒರೆಸಿ ಕೊಟ್ಟರು.

ದಿನಾ ಮುಂಜಾನೆ ಪಡಸಾಲೆಯಲ್ಲಿ ಅಯಸ್ಕಾಂತದ ಹಲಗೆ ಹಾಸಿ, ಇವರ ಕೈಯನ್ನು ಎತ್ತಿ ಇಲಿಯ ಮೇಲೆ ಇಡುತ್ತಿದ್ದೆ. ಇಲಿ ಮೆಲ್ಲಗೆ ಹೊರಡುತ್ತಿತ್ತು. ಸುತ್ತು ಹಾಕುತ್ತಿತ್ತು, ಶ್ರೀ ಬರೆಯುತ್ತಿತ್ತು. ಕೈ ಅದರ ಮೇಲೆ ಸುಮ್ಮನೆ ಸವಾರಿ ಮಾಡುತ್ತಿತ್ತು. ಇವರು ಹಣೆ ಬೆವರಿಸಿಕೊಂಡು ನೋಡುವರು. "ಏನರ ತಿಳೀತೇನ್ರಿ?" ಅಂತ ಕೇಳುವೆ. "ಇಲ್ಲ" ಅನ್ನುವರು. ಗಣಪತಿ ಬಂದ, ಹೋದ. ಕೈ ಹಾಗೇ ಇತ್ತು. ಚಂಪಾವತಿ ವೈನಿ ಬಾಗಿಲಲ್ಲಿ ನಿಂತು ನೋಡಿ ಹೋಗುವರು.

ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿಯ ಘಟ್ಟ ಕೂತ ಮೇಲೆ ಬೆಟಗೇರಿಯವರು ಫೋನ್ ಮಾಡಿದರು. "ಮೇಡಂ, ಸಾಕು ಬಿಡ್ರಿ. ಇನ್ನ ಉಳಿದ ದಿನದಾಗ ಸಾಮಾನ್ಯ ಕೈ ಹತ್ತಬಹುದು. ನಾಳಿ ನಾನ ಬಂದು ಹಾಕ್ತೀನಿ." ನನ್ನಲ್ಲಿ ವಾದ ಮಾಡುವ ಶಕ್ತಿ ಇರಲಿಲ್ಲ. ಹೂಂ ಅಂದೆ. ನನ್ನ ಹಟಕ್ಕೆ ಇವರ ಕೈಯನ್ನೇ ಒತ್ತೆ ಇಟ್ಟೆನಲ್ಲ ಅಂತ ನನ್ನನ್ನೇ ಬೈದುಕೊಂಡೆ.

ಮರುದಿನ ಅವರು ಬರುವುದಕ್ಕೆ ಮುಂಚೆ ಕೊನೆಯ ಸಲ ಅಂತ ಹಲಗೆ ಹಾಸಿದೆ. ಇಲಿ ಹೊರಟಿತು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದು ಒಳಗೆ ಓಡಿದೆ. ಹಾಲು ಇಳಿಸಿ, ಕಟ್ಟೆ ಒರೆಸಿ ಬರುವಾಗ ವಿದ್ಯುತ್ ಹೋಗಿರುವುದು ಗೊತ್ತಾಯಿತು. ಪಂಖ ನಿಂತಿತ್ತು. ಹಲಗೆಯ ದೀಪ ಆರಿತ್ತು.

ಇಲಿ ಮಾತ್ರ ಓಡಾಡುತ್ತಿತ್ತು.

ಬಹಳ ನಿಧಾನ. ಅದನ್ನು ಒತ್ತಿ ಹಿಡಿದ ಇವರ ಬೆರಳುಗಳು ಬಿಳಿಚಿಕೊಂಡಿದ್ದವು, ಮುಂಗೈಯ ನರ ಎದ್ದಿತ್ತು. ಹಲಗೆಯ ಮೇಲಿನ ಒಂದು ಚುಕ್ಕೆಯ ಸುತ್ತ ಸಣ್ಣದೊಂದು ಸುತ್ತು ಹಾಕಿ, ಎಡಕ್ಕೆ ತಿರುಗಿ, ನಿಂತಿತು. ಜಿಗಿಯಲಿಲ್ಲ.

ನಾನು ಗೋಡೆ ಹಿಡಿದುಕೊಂಡು ಕೂತುಬಿಟ್ಟೆ. ಅಳುತ್ತಲೂ ನಗುತ್ತಲೂ ಇದ್ದೆ. "ನೋಡ್ರಿ, ನಿಮ್ಮ ಸುತ್ತು. ನಿಮ್ಮ ಕೈ ನಿಮಗ ತಂದು ಕೊಟ್ಟೆ. ಇಷ್ಟ ವರ್ಷ ನನ್ನ ಕಡೆ ಇತ್ತು, ಜ್ವಾಪಾನ ಮಾಡಿ ಇಟ್ಟಿದ್ದೆ."

ಇವರು ತಮ್ಮ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಹುಚ್ಚಿ, ಆ ಸುತ್ತು ನಂದಲ್ಲ" ಅಂದರು.

"ಮತ್ತ?"

"ನಿಂದು. ಮದಲ ದಿನ ನಿನ್ನ ಕೈ ಮ್ಯಾಲ ಕೈ ಇಟ್ಟೆ ನೋಡು, ಒತ್ತಾಕ ಅಂಜಿ ನಿನ್ನ ಕೈ ಗರಗರ ತಿರಗಾಕತ್ತಿತ್ತು. ನಿಂದರಸಬೇಕು ಅಂತ ಹಿಡದೆ. ನಿಂದರಲಿಲ್ಲ. ಕಡೀಕ ನನಗ ಹತ್ತಿಕೊಂತು. ಅದಕ್ಕ ಮುಂಚೆ ನಾ ಎಂದೂ ಸುತ್ತು ಹಾಕಿದವ ಅಲ್ಲ."

ನನ್ನ ನಗು ನಿಂತುಹೋಯಿತು. ಹಾಗಾದರೆ ನಾನು ಉಳಿಸಿ ಇಟ್ಟಿದ್ದೇನೆ ಅಂದುಕೊಂಡದ್ದು ಅವರ ಕೈಯೇ ಅಲ್ಲ. ದುರ್ಗದ ಬೈಲಿನಲ್ಲಿ ನನ್ನ ಕೈ ಮೇಲೆ ಬೆಚ್ಚಗೆ ಕೂತಿದ್ದ ಆ ಕೈ ಅಡುಗೆಮನೆಯ ಬಾಗಿಲಲ್ಲಿ ಕಪ್ಪು ಬಿದ್ದ ದಿನವೇ ಹೋಯಿತು. ನಾನು ತಂದು ಕೊಟ್ಟದ್ದು ನನ್ನ ಅಂಜಿಕೆಯನ್ನು. ಹಸಿ ಸಿಮೆಂಟಿನಲ್ಲಿ ನನ್ನ ಹೆಜ್ಜೆಯನ್ನೇ ಊರಿದ್ದೆ, ಅದನ್ನು ಇನ್ನು ಅಳಿಸಲು ಬರುವುದಿಲ್ಲ. "ನಿಮ್ಮದು ಹೋತಲ್ರಿ, ನಾನ ಕಳದೆ" ಅಂತ ಬಿಕ್ಕಿ ಬಿಕ್ಕಿ ಅತ್ತೆ.

ಇವರು ನಾನು ಅತ್ತು ಮುಗಿಯುವ ತನಕ ಕಾದರು. ಆಮೇಲೆ, "ಹಸಿವಾಗೈತಿ, ತಾಟು ಹಚ್ಚು" ಅಂದರು. ಮೂಗು ಒರೆಸಿಕೊಂಡು ಎದ್ದು, ರೊಟ್ಟಿ, ಎಣ್ಣೆಗಾಯಿ, ಒಂದಿಷ್ಟು ಮೊಸರು ಹಾಕಿ ತಂದು, ಎಂದಿನಂತೆ ತುತ್ತು ಮಾಡಲು ಕೂತೆ. ಇವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. ಬಲಗೈಯಿಂದಲೇ ಸರಿಸಿದರು.

ರೊಟ್ಟಿಯ ಅಂಚು ಹಿಡಿಯುವುದಕ್ಕೇ ಬಹಳ ಹೊತ್ತು ಬೇಕಾಯಿತು. ಬೆರಳು ಜಾರಿತು, ಮತ್ತೆ ಹಿಡಿದರು. ಒಂದು ಚೂರು ಮುರಿದರು. ಅದನ್ನು ಹೆಬ್ಬೆರಳಿನಿಂದ ಮಡಚಿ, ಬದನೆಕಾಯಿಯ ಮೇಲೆ ಒತ್ತುವ ಮುಂಚೆ, ತಾಟಿನಲ್ಲಿ ಸಣ್ಣಗೆ ಒಂದು ಸುತ್ತು ಹಾಕಿದರು. ಮೆಲ್ಲಗೆ ಬಾಯಿಗೆ ಒಯ್ದರು. ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಾ ಅಗಿದರು.

"ಲಗ್ನ ಆದಾಗಿಂದ ನಿನ್ನ ಕೈಯಾಗ ಉಂಡೇನಿ" ಅಂದರು. "ಇನ್ನ ಮ್ಯಾಲ ನಿನ್ನ ಕೈಲೇ ಉಣ್ತೀನಿ."